ಸಿಕಲ್ ಸೆಲ್ ಮಕ್ಕಳಿಗೆ ಕುತ್ತಿಗೆ ಸ್ಕ್ಯಾನಿಂಗ್ ಯಾಕೆ?

ರಕ್ತ ಪರೀಕ್ಷೆ ಆಗಿದೆ. ಫಲಿತಾಂಶ ಬರೆದ ಸಿಕಲ್ ಸೆಲ್ ಕಾರ್ಡೂ ಕೈಗೆ ಬಂದಿದೆ. ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಇದೆ ಅಂತ ಗೊತ್ತಾಗಿದೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರು ‘ತಲೆಗೆ, ಕುತ್ತಿಗೆಗೆ ಒಂದು ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸಿ’ ಎನ್ನುತ್ತಾರೆ. ಮನೆಯವರಿಗೆ ಗಾಬರಿ. ರಕ್ತದ ಕಾಯಿಲೆಗೂ ಕುತ್ತಿಗೆಗೂ ಏನು ಸಂಬಂಧ? ಸ್ಕ್ರೀನಿಂಗ್ ಮುಗಿದಿದೆ ಅಂದಿದ್ದರಲ್ಲ, ಮತ್ತೆ ಇದು ಯಾವ ಸ್ಕ್ರೀನಿಂಗ್?

ಗೊಂದಲ ಶುರುವಾಗುವುದು ಇದೇ ಒಂದು ಪದದಿಂದ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಒಂದೇ ಪದ, ಎರಡು ಕೆಲಸ

2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಘೋಷಣೆಯಾಯಿತು. ಅದೇ ವರ್ಷ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟರು. 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರನ್ನು ಮೂರು ವರ್ಷದಲ್ಲಿ ಪರೀಕ್ಷಿಸಬೇಕು ಎಂಬುದು ಆಗಿನ ಗುರಿ. 2047ರ ಹೊತ್ತಿಗೆ ಕಾಯಿಲೆಯನ್ನೇ ಇಲ್ಲವಾಗಿಸಬೇಕು ಎಂಬುದು ಅದಕ್ಕಿಂತ ದೊಡ್ಡ ಗುರಿ. ಆ 17ರಲ್ಲಿ ಕರ್ನಾಟಕವೂ ಇದೆ. ಚಾಮರಾಜನಗರ, ಮೈಸೂರು, ಕೊಡಗು ಕಡೆಯ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರು ವಾಸಿಸುವ ಪೋಡು, ಹಾಡಿಗಳಲ್ಲಿ ಈ ಕಾಯಿಲೆ ಹೊಸದೇನಲ್ಲ. ಭಾರತದಲ್ಲಿ ಇದು ಮೊದಲ ಸಲ ಬೆಳಕಿಗೆ ಬಂದಿದ್ದೇ 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯಲ್ಲಿ.

ಮಿಷನ್ ಮಾಡುತ್ತಿರುವುದು ಮೊದಲ ಬಗೆಯ ಸ್ಕ್ರೀನಿಂಗ್. ಬೆರಳು ಚುಚ್ಚಿ ರಕ್ತ ತೆಗೆದು, ಕಾಯಿಲೆ ಇದೆಯಾ, ಅಥವಾ ಬರೀ ವಾಹಕರಾ ಅಂತ ನೋಡುತ್ತಾರೆ. ಡಾಪ್ಲರ್ ಸ್ಕ್ಯಾನಿಂಗ್ ಎರಡನೆಯ ಬಗೆಯದು. ಕಾಯಿಲೆ ಇದೆ ಎಂದು ಖಚಿತವಾದ ಮಕ್ಕಳಲ್ಲಿ, ಅದು ಮಿದುಳಿಗೆ ಹೋಗುವ ರಕ್ತನಾಳಗಳಿಗೆ ಕೈ ಹಾಕಿದೆಯಾ ಎಂದು ಹುಡುಕುವ ಕೆಲಸ ಇದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರಕ್ತ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬರುವವರಲ್ಲಿ ಹೆಚ್ಚಿನವರು ವಾಹಕರು. ಅಂದರೆ ಅಪ್ಪ ಅಥವಾ ಅಮ್ಮ, ಒಬ್ಬರಿಂದ ಮಾತ್ರ ದೋಷದ ಜೀನ್ ಪಡೆದವರು. ಅವರಿಗೆ ಈ ಸ್ಕ್ಯಾನಿಂಗ್ ಬೇಡವೇ ಬೇಡ. ಇಬ್ಬರಿಂದಲೂ ಆ ಜೀನ್ ಪಡೆದ ಮಕ್ಕಳಿಗೆ, ಮತ್ತು ಒಂದು ಸಿಕಲ್ ಜೀನ್ ಜೊತೆ ತೀವ್ರ ಬಗೆಯ ಬೀಟಾ ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ಇನ್ನೊಂದು ರಕ್ತದ ಕಾಯಿಲೆ) ಜೀನ್ ಇರುವ ಮಕ್ಕಳಿಗೆ ಮಾತ್ರ ಇದು ಬೇಕು.

ರಕ್ತದ ಕಾಯಿಲೆ ಮಿದುಳಿಗೆ ಹೋಗುವ ದಾರಿ

ಕೆಂಪು ರಕ್ತಕಣ ಮಾಮೂಲಾಗಿ ದುಂಡಗೆ, ಮೆತ್ತಗೆ ಇರುತ್ತದೆ. ಕೂದಲೆಳೆಗಿಂತ ಸಣ್ಣ ನಾಳದಲ್ಲೂ ಮಡಚಿಕೊಂಡು ನುಸುಳುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಒಂದು ಸಣ್ಣ ತಪ್ಪಿನಿಂದಾಗಿ, ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಕಣ ಗಟ್ಟಿಯಾಗಿ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಬೆನ್ನು ಕಿತ್ತು ಬರುವ ನೋವು ಬರುವುದು ಇದರಿಂದಲೇ. ಇಷ್ಟು ಬಹಳ ಜನಕ್ಕೆ ಗೊತ್ತು.

ದೊಡ್ಡ ನಾಳಗಳಿಗೆ ಆಗುವ ಹಾನಿ ಅಷ್ಟು ಗೊತ್ತಿಲ್ಲ. ಬಾಗಿದ ಕಣಗಳು ಬೇಗ ಸಾಯುತ್ತವೆ, ರಕ್ತ ಕಡಿಮೆಯಾಗುತ್ತದೆ. ಇರುವ ಸ್ವಲ್ಪ ರಕ್ತದಲ್ಲೇ ಮಿದುಳಿಗೆ ಸಾಕಷ್ಟು ಆಮ್ಲಜನಕ ತಲುಪಿಸಬೇಕೆಂದರೆ ರಕ್ತ ಜೋರಾಗಿ ಓಡಲೇಬೇಕು. ಆ ರಭಸ ಒಂದು ಕಡೆ, ಅಂಟುಅಂಟಾದ ಕಣಗಳ ಉಜ್ಜಾಟ ಇನ್ನೊಂದು ಕಡೆ. ನಾಳದ ಒಳಪದರಕ್ಕೆ ದಿನವೂ ಗಾಯ. ಗಾಯ ಮಾಗುವಾಗ ಒಳಪದರ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ. ಒಂದು ದಿನ ಪೂರ್ತಿ ಮುಚ್ಚಿಹೋದರೆ, ಇಲ್ಲವೇ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ, ಅದೇ ಸ್ಟ್ರೋಕ್. ನಾವು ಲಕ್ವ ಅನ್ನುತ್ತೇವಲ್ಲ, ಅದು. ವಯಸ್ಸಾದವರಿಗೆ ಬರುವ ಕಾಯಿಲೆ ಅಂದುಕೊಂಡಿದ್ದು ಮೂರು ವರ್ಷದ ಮಗುವಿಗೆ ಬರುತ್ತದೆ.

ಅಮೆರಿಕದಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಚಿಕಿತ್ಸೆಯ ರಕ್ಷಣೆ ಇಲ್ಲದಿದ್ದ ಆ ಕಾಲದಲ್ಲಿ, ತೀವ್ರ ಬಗೆಯ ಕಾಯಿಲೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ 20 ವರ್ಷ ತುಂಬುವುದರೊಳಗೆ ಸ್ಟ್ರೋಕ್ ಆಗಿತ್ತು. ಮೊದಲ ಸ್ಟ್ರೋಕ್‌ನ ಅಪಾಯ ಅತಿ ಹೆಚ್ಚಾಗಿ ಕಂಡಿದ್ದು 2ರಿಂದ 5 ವರ್ಷದ ಮಕ್ಕಳಲ್ಲಿ.

ಇದಲ್ಲದೆ ಸದ್ದಿಲ್ಲದ ಸ್ಟ್ರೋಕ್ ಎಂಬುದೂ ಇದೆ. ಕೈಕಾಲು ಸೋಲುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಎಂಆರ್‌ಐ ಮಾಡಿದರೆ ಮಾತ್ರ ಮಿದುಳಿನಲ್ಲಿ ಸಣ್ಣ ಕಲೆಗಳು ಕಾಣುತ್ತವೆ. ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಗಮನ ಕೊಟ್ಟು ಕೂರಲಾಗುವುದಿಲ್ಲ. ‘ಸೋಮಾರಿ’, ‘ದಡ್ಡ’ ಎಂದು ಬೈಸಿಕೊಳ್ಳುತ್ತದೆ. ಇದು ಸ್ಟ್ರೋಕ್‌ಗಿಂತ ಎಷ್ಟೋ ಹೆಚ್ಚು ಮಕ್ಕಳಲ್ಲಿ ಆಗುತ್ತದೆ.

ಡಾಪ್ಲರ್ ಅಳೆಯುವುದು ಏನನ್ನು?

ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಚಿಮ್ಮುತ್ತದೆ ಅಲ್ವಾ? ದಾರಿ ಕಿರಿದಾದಲ್ಲಿ ವೇಗ ಜಾಸ್ತಿ. ಡಾಪ್ಲರ್ ಅಳೆಯುವುದು ಈ ವೇಗವನ್ನೇ. ತಲೆಬುರುಡೆ ತೆಳ್ಳಗಿರುವ ಕಡೆ, ಕಿವಿಯ ಮುಂದೆ, ಕಪಾಲದ ಪಕ್ಕ ಪ್ರೋಬ್ (ಮೆಷಿನ್‌ನ ಕೈಯಲ್ಲಿ ಹಿಡಿಯುವ ಭಾಗ) ಇಟ್ಟರೆ ಶಬ್ದದ ಅಲೆಗಳು ಒಳಗೆ ಹೋಗಿ, ಓಡುವ ರಕ್ತಕ್ಕೆ ತಾಗಿ ವಾಪಸ್ ಬರುತ್ತವೆ. ಇದನ್ನು ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್, ಚಿಕ್ಕದಾಗಿ ಟಿಸಿಡಿ, ಎನ್ನುತ್ತಾರೆ.

ಅಮೆರಿಕದ ಜಾರ್ಜಿಯಾದಲ್ಲಿ ಕೆಲಸ ಮಾಡುತ್ತಿದ್ದ ನರರೋಗ ತಜ್ಞ ರಾಬರ್ಟ್ ಆಡಮ್ಸ್ ಇದನ್ನು ಸಿಕಲ್ ಸೆಲ್ ಮಕ್ಕಳ ಮೇಲೆ ವರ್ಷಗಟ್ಟಲೆ ಪ್ರಯತ್ನಿಸಿದರು. ಮಿದುಳಿನ ಮುಖ್ಯ ನಾಳಗಳಲ್ಲಿ ರಕ್ತದ ಸರಾಸರಿ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದ ಮಕ್ಕಳಿಗೆ ಸ್ಟ್ರೋಕ್‌ನ ಅಪಾಯ ಬಹಳ ಹೆಚ್ಚು ಎಂದು ಗೊತ್ತಾಯಿತು. 170ರ ಒಳಗಿದ್ದರೆ ಸಹಜ. 170ರಿಂದ 199ರ ನಡುವೆ ಇದ್ದರೆ ಬೇಗ ಬೇಗ ಮತ್ತೆ ನೋಡಬೇಕು.

ಮುಂದಿನ ಪ್ರಶ್ನೆ, ಗೊತ್ತಾದ ಮೇಲೆ ತಡೆಯಲು ಸಾಧ್ಯವಾ? ಅದಕ್ಕೆ ‘ಸ್ಟಾಪ್’ ಹೆಸರಿನ ಪ್ರಯೋಗ ನಡೆಯಿತು. 2ರಿಂದ 16 ವರ್ಷದ ಸುಮಾರು 1,900 ಮಕ್ಕಳನ್ನು ಪರೀಕ್ಷಿಸಿ, ಅಪಾಯದ ವೇಗ ಕಂಡ 130 ಮಕ್ಕಳನ್ನು ಆರಿಸಿದರು. 63 ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರು. ಉಳಿದ 67 ಮಕ್ಕಳಿಗೆ ಮಾಮೂಲಿ ಆರೈಕೆ. ರಕ್ತ ಪಡೆದವರಲ್ಲಿ ಒಂದು ಮಗುವಿಗೆ ಸ್ಟ್ರೋಕ್ ಆಯಿತು. ಇನ್ನೊಂದು ಗುಂಪಿನಲ್ಲಿ ಹನ್ನೊಂದು ಮಕ್ಕಳಿಗೆ ಆಯಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ರಕ್ತ ಕೊಡಲು ಮುಂದಾದರು. 1998ರಲ್ಲಿ ಇದು ಪ್ರಕಟವಾಯಿತು. ಆಗಿನಿಂದ, ಈ ಮಕ್ಕಳಿಗೆ 2 ವರ್ಷದಿಂದ 16 ವರ್ಷದವರೆಗೆ ಪ್ರತಿ ವರ್ಷ ಟಿಸಿಡಿ ಮಾಡಬೇಕು ಎಂಬ ಮಾತಿಗೆ ಗಟ್ಟಿ ತಳಹದಿ ಸಿಕ್ಕಿತು. ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಕುತ್ತಿಗೆ ಎಲ್ಲಿಂದ ಬಂತು?

ಇಷ್ಟೂ ಕಥೆ ತಲೆಬುರುಡೆಯ ಒಳಗಿನದು. ಆದರೆ ಮಿದುಳಿಗೆ ರಕ್ತ ಬರುವುದು ಕುತ್ತಿಗೆಯ ಮೂಲಕ. ಕುತ್ತಿಗೆಯ ಎರಡೂ ಬದಿಯಲ್ಲಿ ಬಡಿತ ಸಿಗುವ ನಾಳ ಕ್ಯಾರೋಟಿಡ್. ದವಡೆಯ ಹತ್ತಿರ ಅದು ಎರಡಾಗಿ ಒಡೆಯುತ್ತದೆ. ಒಳಗಿನ ಕವಲು ಮಿದುಳಿನ ಕಡೆ ಹೋಗುತ್ತದೆ. ಆ ಕವಲು ದವಡೆಯ ಹಿಂದೆ, ಬುರುಡೆಯ ಬುಡ ಸೇರುವ ಮುಂಚೆಯೇ ಕಿರಿದಾಗಿದ್ದರೆ?

ಮತ್ತೆ ಪೈಪನ್ನೇ ನೆನಪಿಸಿಕೊಳ್ಳಿ. ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮುತ್ತದೆ, ನಿಜ. ಆದರೆ ಹಿಂದೆ ಎಲ್ಲೋ ಪೈಪ್ ಮಡಚಿಕೊಂಡಿದ್ದರೆ ಬಾಯಿಯಲ್ಲಿ ನೀರು ಸಣ್ಣಗಾಗುತ್ತದೆ. ತಲೆಯ ಡಾಪ್ಲರ್ ನೋಡುವುದು ಪೈಪಿನ ಬಾಯಿಯನ್ನು. ಕುತ್ತಿಗೆಯಲ್ಲಿ ನಾಳ ಬಹಳ ಕಿರಿದಾಗಿದ್ದರೆ, ತಲೆಯಲ್ಲಿ ವೇಗ ಏರುವ ಬದಲು ಇಳಿಯಬಹುದು. ಆಗ ರಿಪೋರ್ಟ್‌ನಲ್ಲಿ 200 ಇರುವುದಿಲ್ಲ, ‘ಸಹಜ’ ಎಂದು ಬರೆದಿರುತ್ತದೆ. ಮನೆಯವರು ನೆಮ್ಮದಿಯಾಗಿ ಊರಿಗೆ ಹೋಗುತ್ತಾರೆ. ಅಪಾಯ ಮಾತ್ರ ಅಲ್ಲೇ ಇರುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ತಂಡ, ಪ್ಯಾರಿಸ್ ಪಕ್ಕದ ಕ್ರೆತೇಯ್ ಪಟ್ಟಣದ ತಂಡ ಕಳೆದ ದಶಕದ ಹೊತ್ತಿಗೆ ಈ ಪ್ರಶ್ನೆಯ ಹಿಂದೆ ಬಿದ್ದವು. ವರ್ಷಕ್ಕೊಮ್ಮೆ ತಲೆಯ ಡಾಪ್ಲರ್ ಮಾಡುವಾಗಲೇ ಅದೇ ಪ್ರೋಬನ್ನು ದವಡೆಯ ಕೆಳಗೂ ಇಟ್ಟು ನೋಡಿದವು. ಕೆಲವು ಮಕ್ಕಳ ಕುತ್ತಿಗೆಯ ನಾಳ ನಿಜಕ್ಕೂ ಕಿರಿದಾಗಿತ್ತು, ಕೆಲವರಲ್ಲಿ ಮುಚ್ಚಿಯೇ ಹೋಗಿತ್ತು. ಫ್ರಾನ್ಸಿನ ತಂಡ ಕುತ್ತಿಗೆಯ ವೇಗಕ್ಕೆ ಸೆಕೆಂಡಿಗೆ 160 ಸೆಂ.ಮೀ. ಎಂಬ ಗಡಿ ಇಟ್ಟುಕೊಂಡಿತು. ಅಷ್ಟೇ ಅಲ್ಲ, ಕುತ್ತಿಗೆಯ ನಾಳ ಕಿರಿದಾದ ಮಕ್ಕಳಲ್ಲಿ ಸದ್ದಿಲ್ಲದ ಸ್ಟ್ರೋಕ್ ಹೆಚ್ಚು ಎಂದು 2015ರಲ್ಲಿ ವರದಿ ಮಾಡಿತು. ತಲೆಯ ಡಾಪ್ಲರ್ ಸರಿಯಿದ್ದೂ ಎಂಆರ್‌ಐಯಲ್ಲಿ ಕಲೆ ಕಾಣುವ ಮಕ್ಕಳಿದ್ದಾರಲ್ಲ, ಅವರಲ್ಲಿ ಕೆಲವರ ಕಥೆಗೆ ಇಲ್ಲಿ ಒಂದು ವಿವರಣೆ ಸಿಕ್ಕಿತು.

ಸ್ಕ್ಯಾನಿಂಗ್ ಕೋಣೆಯಲ್ಲಿ

ಪರೀಕ್ಷೆ ಎಂದರೆ ಮಕ್ಕಳಿಗೆ ಸೂಜಿಯ ನೆನಪು. ಇಲ್ಲಿ ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣಗಳೂ ಇಲ್ಲ. ಮಗು ಮಲಗುತ್ತದೆ. ಕಪಾಲದ ಪಕ್ಕ ತಣ್ಣನೆಯ ಜೆಲ್ ಹಚ್ಚುತ್ತಾರೆ. ಪ್ರೋಬ್ ಇಟ್ಟು, ಕೂದಲೆಳೆಯಷ್ಟು ಅತ್ತಿತ್ತ ಓರೆ ಮಾಡುತ್ತಾ ನಾಳವನ್ನು ಹುಡುಕುತ್ತಾರೆ. ಸಿಕ್ಕ ಕೂಡಲೇ ಮೆಷಿನ್‌ನಿಂದ ಗಾಳಿ ಬೀಸಿದ ಹಾಗೆ ‘ಶೂ… ಶೂ…’ ಎಂದು ಸದ್ದು. ಅದು ಮಗುವಿನ ರಕ್ತ ಓಡುವ ಸದ್ದು. ಆಮೇಲೆ ಗದ್ದ ಸ್ವಲ್ಪ ಮೇಲೆತ್ತಿಸಿ, ದವಡೆಯ ಮೂಲೆಯ ಕೆಳಗೆ ಪ್ರೋಬ್ ಇಟ್ಟು ಕುತ್ತಿಗೆಯನ್ನೂ ನೋಡುತ್ತಾರೆ. ಈ ಕೊನೆಯ ಭಾಗಕ್ಕೆ ಹಿಡಿಯುವುದು ಇನ್ನೊಂದಷ್ಟು ನಿಮಿಷ, ಅಷ್ಟೆ.

ಸುಲಭ ಎಂದು ಕಂಡರೂ ಎಡವಟ್ಟಾಗಲು ದಾರಿ ಬಹಳ. ಮಗು ನಿದ್ದೆ ಹೋದರೆ ವೇಗ ಏರುತ್ತದೆ. ಅಳುತ್ತಾ ಜೋರಾಗಿ ಉಸಿರಾಡಿದರೆ ಇಳಿಯುತ್ತದೆ. ಜ್ವರ ಇದ್ದಾಗ, ಹಿಮೋಗ್ಲೋಬಿನ್ ಥಟ್ಟನೆ ಕುಸಿದಾಗ ವೇಗ ಹೆಚ್ಚು. ಹೊಸದಾಗಿ ರಕ್ತ ಹಾಕಿಸಿದ್ದರೆ ಕಡಿಮೆ. ಹಾಗಾಗಿ ಮಗು ಎಚ್ಚರವಾಗಿ, ಸಮಾಧಾನವಾಗಿ, ಆರೋಗ್ಯವಾಗಿ ಇರುವ ದಿನ ನೋಡಿ ಮಾಡಿಸಬೇಕು.

ಮೆಷಿನ್ ಯಾವುದು ಎಂಬುದೂ ಮುಖ್ಯ. ಆಡಮ್ಸ್ ಅವರ 200ರ ಗಡಿ ಬಂದಿದ್ದು ಚಿತ್ರ ತೋರಿಸದ, ಬರೀ ವೇಗ ಅಳೆಯುವ ಹಳೇ ಬಗೆಯ ಟಿಸಿಡಿ ಮೆಷಿನ್‌ನಿಂದ. ನಮ್ಮ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಇರುವುದು ಚಿತ್ರ ತೋರಿಸುವ ಡಾಪ್ಲರ್. ಅದರಲ್ಲಿ ವೇಗ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಕಡಿಮೆ ಬರುತ್ತದೆ. ಇದನ್ನು ಗಮನಿಸದೆ 200 ಬಂದರೆ ಮಾತ್ರ ಅಪಾಯ ಎಂದು ಕೂತರೆ, 190ರಲ್ಲಿರುವ ಮಗು ಕೈತಪ್ಪುತ್ತದೆ.

ಬೇಕು ಎನ್ನುವವರು, ಬೇಡ ಎನ್ನುವವರು

ಕುತ್ತಿಗೆಯನ್ನೂ ನೋಡಬೇಕು ಎನ್ನುವವರ ವಾದ ಸರಳ. ಮಗು ಹೇಗೂ ಬಂದಿದೆ, ಜೆಲ್ ಹಚ್ಚಿದೆ, ಪ್ರೋಬ್ ಕೈಯಲ್ಲಿದೆ. ನಾಳ ಪೂರ್ತಿ ಮುಚ್ಚುವ ಮೊದಲೇ ಗೊತ್ತಾದರೆ ಏನಾದರೂ ಮಾಡಬಹುದು, ಮುಚ್ಚಿದ ಮೇಲೆ ದಾರಿಯೇ ಇಲ್ಲ. ಹಾಗಾಗಿ ಬಿಡುವುದೇಕೆ?

ಬೇಡ ಎನ್ನುವವರೂ ಸುಮ್ನೆ ಹೇಳುತ್ತಿಲ್ಲ. ಅವರ ಮೊದಲ ಆಕ್ಷೇಪ ಪುರಾವೆಯದು. ತಲೆಯ ಡಾಪ್ಲರ್‌ಗೆ ‘ಸ್ಟಾಪ್’ ಪ್ರಯೋಗದ ಬಲವಿದೆ. ಕುತ್ತಿಗೆ ಕಿರಿದಾದ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು ಸ್ಟ್ರೋಕ್ ತಗ್ಗಿತು ಎಂದು ತೋರಿಸಿದ ಅಂಥ ಪ್ರಯೋಗ ಕುತ್ತಿಗೆಗೆ ಇಲ್ಲ. ಎರಡನೆಯದು ತಪ್ಪು ಗಾಬರಿ. ಈ ಮಕ್ಕಳ ಕುತ್ತಿಗೆಯ ನಾಳ ಎಷ್ಟೋ ಸಲ ಅಂಕುಡೊಂಕಾಗಿ ಬೆಳೆದಿರುತ್ತದೆ. ತಿರುವಿನಲ್ಲಿ ರಕ್ತ ಜೋರಾಗಿ ಓಡುತ್ತದೆ, ವೇಗ 160 ದಾಟುತ್ತದೆ. ಅಲ್ಲಿ ಕಾಯಿಲೆ ಇರಲೇಬೇಕು ಎಂದೇನಿಲ್ಲ. ಆದರೆ ಅದನ್ನು ಖಚಿತ ಮಾಡಿಕೊಳ್ಳಲು ಎಂಆರ್‌ಐ ಬೇಕು. ಚಿಕ್ಕ ಮಕ್ಕಳಿಗೆ ಅದಕ್ಕಾಗಿ ಮತ್ತು ಬರಿಸಬೇಕಾಗುತ್ತದೆ. ಖರ್ಚು, ಅಲೆದಾಟ, ನಿದ್ದೆಗೆಟ್ಟ ರಾತ್ರಿಗಳು.

ಎರಡೂ ವಾದದಲ್ಲಿ ಹುರುಳಿದೆ. ಆದರೆ ಒಂದನ್ನು ಗಮನಿಸಿ. ಬೇಡ ಎನ್ನುವವರೂ ಕುತ್ತಿಗೆಯ ಕಾಯಿಲೆ ಇಲ್ಲ ಎನ್ನುತ್ತಿಲ್ಲ. ಎಲ್ಲ ಮಕ್ಕಳಲ್ಲೂ ಹುಡುಕಿಕೊಂಡು ಹೋಗುವುದರಿಂದ ಆಗುವ ಲಾಭ ಸಾಬೀತಾಗಿಲ್ಲ ಎನ್ನುತ್ತಿದ್ದಾರೆ. ಹಾಗಾದರೆ ತಲೆಯ ರಿಪೋರ್ಟ್ ವಿಚಿತ್ರವಾಗಿರುವ ಮಕ್ಕಳಲ್ಲಿ ಕುತ್ತಿಗೆ ನೋಡುವುದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಒಂದು ಬದಿಯ ವೇಗ ಇನ್ನೊಂದಕ್ಕಿಂತ ತೀರಾ ಕಡಿಮೆ ಇರಬಹುದು. ಒಂದು ಬದಿಯಲ್ಲಿ ನಾಳ ಸಿಗದೇ ಹೋಗಬಹುದು. ಡಾಪ್ಲರ್ ಸರಿಯಿದ್ದೂ ಸ್ಟ್ರೋಕ್ ಆಗಿರಬಹುದು. ಇಂಥವರಲ್ಲಿ ಕುತ್ತಿಗೆ ನೋಡದೆ ಬಿಡುವುದು ತಪ್ಪು.

ನಮ್ಮ ಮಕ್ಕಳಿಗೆ ಅಪಾಯ ಕಡಿಮೆಯೇ?

ಭಾರತದಲ್ಲಿ ಇನ್ನೊಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ‘ನಮ್ಮಲ್ಲಿನ ಸಿಕಲ್ ಸೆಲ್ ಸೌಮ್ಯ, ಆಫ್ರಿಕಾ ಮೂಲದವರಲ್ಲಿ ಕಾಣುವಷ್ಟು ಸ್ಟ್ರೋಕ್ ಇಲ್ಲಿಲ್ಲ.’ ಇದಕ್ಕೆ ಆಧಾರ ಇದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅರಬ್-ಭಾರತೀಯ ಮೂಲದ ಸಿಕಲ್ ಜೀನ್. ಅದರ ಜೊತೆ ಭ್ರೂಣದ ಹಿಮೋಗ್ಲೋಬಿನ್, ಅಂದರೆ ತಾಯಿಯ ಹೊಟ್ಟೆಯಲ್ಲಿದ್ದಾಗಿನ ಬಗೆಯದು, ದೊಡ್ಡವರಾದ ಮೇಲೂ ಜಾಸ್ತಿ ಉಳಿಯುತ್ತದೆ. ಅದು ಕಣ ಬಾಗದಂತೆ ತಡೆಯುತ್ತದೆ. ಬುಡಕಟ್ಟು ಸಮುದಾಯಗಳಲ್ಲಿ ಆಲ್ಫಾ ಥಲಸ್ಸೀಮಿಯಾ ಜೀನ್ ಕೂಡ ಎಷ್ಟೋ ಜನರಲ್ಲಿ ಜೊತೆಗೇ ಇರುತ್ತದೆ. ಅದೂ ಸ್ಟ್ರೋಕ್‌ನ ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ.

ಆದರೆ ಸರಾಸರಿ ಸೌಮ್ಯ ಎಂದ ಮಾತ್ರಕ್ಕೆ ಪ್ರತಿ ಮಗುವಿಗೂ ಸೌಮ್ಯ ಎಂದಾಗುವುದಿಲ್ಲ. ಹುಟ್ಟಿದ ಕೂಡಲೇ ಗುರುತಿಸಿ ಮಕ್ಕಳನ್ನು ಹಿಂಬಾಲಿಸಿದಾಗ, ಮಧ್ಯಭಾರತದಲ್ಲಿ ಕಾಯಿಲೆ ಅಂದುಕೊಂಡಷ್ಟು ಸೌಮ್ಯವಲ್ಲ ಎಂದು ನಾಗಪುರದ ವೈದ್ಯರು ತೋರಿಸಿದ್ದಾರೆ. ಹಿಂದೆ ಆಸ್ಪತ್ರೆಗೆ ಬಂದು ಲೆಕ್ಕಕ್ಕೆ ಸಿಗುತ್ತಿದ್ದವರು ಬದುಕಿ ಉಳಿದವರು. ಗೊತ್ತಾಗುವ ಮೊದಲೇ ತೀರಿಹೋದ ಮಕ್ಕಳು ಯಾವ ಲೆಕ್ಕದಲ್ಲೂ ಇರಲಿಲ್ಲ. ಇನ್ನು ಸದ್ದಿಲ್ಲದ ಸ್ಟ್ರೋಕ್ ಎಂಆರ್‌ಐ ಮಾಡದೆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಾಡಿಯ ಎಷ್ಟು ಮಕ್ಕಳಿಗೆ ಎಂಆರ್‌ಐ ಆಗುತ್ತದೆ? ನೋಡದೇ ‘ಇಲ್ಲ’ ಎನ್ನುವುದು ದೊಡ್ಡ ಅನ್ಯಾಯ.

ಕಂಡುಹಿಡಿದ ಮೇಲೆ ಏನು?

ಇದೇ ಇಡೀ ಚರ್ಚೆಯ ಕಷ್ಟದ ಭಾಗ. ಚಿಕಿತ್ಸೆ ಕೈಗೆ ಸಿಗದಿದ್ದರೆ ಸ್ಕ್ಯಾನಿಂಗ್ ಭಯವನ್ನಷ್ಟೇ ಹಂಚುತ್ತದೆ.

‘ಸ್ಟಾಪ್’ ತೋರಿಸಿದ ದಾರಿ ರಕ್ತದ್ದು. ಒಂದೆರಡು ಸಲ ಹಾಕಿಸಿ ಬಿಡುವುದಲ್ಲ, ಮೂರ್ನಾಲ್ಕು ವಾರಕ್ಕೊಮ್ಮೆ, ವರ್ಷಾನುಗಟ್ಟಲೆ. ಎಷ್ಟು ದಿನ ಅಂತ ಕೇಳಿದ್ದಕ್ಕೆ ಎರಡನೇ ‘ಸ್ಟಾಪ್’ ಪ್ರಯೋಗ 2005ರಲ್ಲಿ ಉತ್ತರ ಕೊಟ್ಟಿತು. ರಕ್ತ ನಿಲ್ಲಿಸಿದ 41 ಮಕ್ಕಳಲ್ಲಿ 14 ಮಂದಿಗೆ ವೇಗ ಮತ್ತೆ ಅಪಾಯದ ಮಟ್ಟಕ್ಕೆ ಏರಿತು, ಇನ್ನಿಬ್ಬರಿಗೆ ಸ್ಟ್ರೋಕ್ ಆಯಿತು. ಮುಂದುವರಿಸಿದ 38 ಮಕ್ಕಳಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಅಂದರೆ ಸುಮ್ಮನೆ ಬಿಟ್ಟುಬಿಡುವಂತಿಲ್ಲ. ಇತ್ತ ರಕ್ತ ಹಾಕಿಸುತ್ತಾ ಹೋದರೆ ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕಲು ಮತ್ತೆ ಔಷಧಿ. ಕೆಲವರ ಮೈ ಬೇರೆಯವರ ರಕ್ತವನ್ನೇ ಒಪ್ಪದಂತಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಪ್ರತಿ ತಿಂಗಳು ಕೂಲಿ ಬಿಟ್ಟು, ಬಸ್ ಹಿಡಿದು, ರಕ್ತನಿಧಿಯಲ್ಲಿ ಹೊಂದುವ ರಕ್ತ ಸಿಗುವವರೆಗೆ ಕಾಯುವುದು ಎಂದರೆ ಏನೆಂದು ಊಹಿಸಿಕೊಳ್ಳಬಹುದು.

ಇಲ್ಲಿ ಆಸರೆಯಾಗಿ ಬಂದಿದ್ದು ಹೈಡ್ರಾಕ್ಸಿಯೂರಿಯಾ. ಇದು ದಿನವೂ ನುಂಗುವ ಕ್ಯಾಪ್ಸೂಲ್. ಭ್ರೂಣದ ಹಿಮೋಗ್ಲೋಬಿನ್ ಅನ್ನೇ ಹೆಚ್ಚಿಸುತ್ತದೆ. ಕನಿಷ್ಠ ಒಂದು ವರ್ಷ ರಕ್ತ ಪಡೆದ, ನಾಳಗಳು ತೀವ್ರವಾಗಿ ಕೆಡದ ಮಕ್ಕಳನ್ನು ನಿಧಾನವಾಗಿ ಈ ಔಷಧಿಗೆ ಬದಲಾಯಿಸಿದರೂ ವೇಗ ಹತೋಟಿಯಲ್ಲೇ ಇರುತ್ತದೆ ಎಂದು 2016ರಲ್ಲಿ ಪ್ರಕಟವಾದ ‘ಟ್ವಿಚ್’ ಪ್ರಯೋಗ ತೋರಿಸಿತು. ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದ್ದು ನೈಜೀರಿಯಾದ ಉತ್ತರ ಭಾಗದ ಅನುಭವ. ಅಲ್ಲಿ ತಿಂಗಳು ತಿಂಗಳು ರಕ್ತ ಕೊಡುವುದು ಆಗದ ಮಾತು. ಹಾಗಾಗಿ ಅಪಾಯದ ವೇಗ ಕಂಡ 220 ಮಕ್ಕಳಿಗೆ ನೇರವಾಗಿ ಹೈಡ್ರಾಕ್ಸಿಯೂರಿಯಾ ಶುರು ಮಾಡಿದರು. ಕೆಲವರಿಗೆ ತೂಕದ ಕಿಲೋಗೆ 10 ಮಿಲಿಗ್ರಾಂ, ಕೆಲವರಿಗೆ 20. ಎರಡೂ ಗುಂಪಿನಲ್ಲಿ ಸ್ಟ್ರೋಕ್ ಬಹಳ ಕಡಿಮೆ ಇತ್ತು, ಅವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ಕಡಿಮೆ ಡೋಸ್‌ನಲ್ಲೂ ಲಾಭ ಇದೆ ಎಂಬುದು ಬಡ ದೇಶಗಳಿಗೆ ಸಣ್ಣ ಸುದ್ದಿಯಲ್ಲ.

ಇವೆಲ್ಲ ತಲೆಯ ನಾಳಗಳ ವೇಗ ನೋಡಿ ಕೊಟ್ಟ ಚಿಕಿತ್ಸೆಯ ಫಲಿತಾಂಶಗಳು ಎಂಬುದನ್ನು ಮರೆಯಬಾರದು. ಕುತ್ತಿಗೆಯಲ್ಲಿ ಮಾತ್ರ ತೊಂದರೆ ಕಂಡರೆ ಏನು ಮಾಡಬೇಕೆಂದು ವೈದ್ಯರು ಮಗುವಿನಿಂದ ಮಗುವಿಗೆ ನೋಡಿ ತೀರ್ಮಾನಿಸಬೇಕಾಗುತ್ತದೆ. ಮಿದುಳಿನಲ್ಲಿ ಕಲೆ ಇದೆಯಾ, ಹಿಮೋಗ್ಲೋಬಿನ್ ಎಷ್ಟು, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದೆಯಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಯಾವುದು?

ಅಮೆರಿಕದಂಥ ದೇಶದಲ್ಲೇ ಸರ್ಕಾರಿ ವಿಮೆಯ ನೆರಳಿನಲ್ಲಿದ್ದ ಸಿಕಲ್ ಸೆಲ್ ಮಕ್ಕಳನ್ನು ನೋಡಿದಾಗ, 2019ರಲ್ಲಿ 2ರಿಂದ 9 ವರ್ಷದವರಲ್ಲಿ ನೂರಕ್ಕೆ 47 ಮಂದಿಗೆ, 10ರಿಂದ 16 ವರ್ಷದವರಲ್ಲಿ 38 ಮಂದಿಗೆ ಮಾತ್ರ ಟಿಸಿಡಿ ಆಗಿತ್ತು. ಪುರಾವೆ ಸಿಕ್ಕಿ ಎರಡು ದಶಕ ಕಳೆದ ಮೇಲಿನ ಸ್ಥಿತಿ ಇದು. ಮೆಷಿನ್ ಇದ್ದರೆ ಸಾಲದು. ನಾಳ ಹುಡುಕುವ ಕೈ ಪಳಗಿರಬೇಕು, ಯಾವ ಮಗು ಯಾವಾಗ ಬರಬೇಕು ಎಂದು ನೆನಪಿಸುವವರು ಬೇಕು.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಮೆಷಿನ್ ನೋಂದಣಿಯಾಗಿರಬೇಕು, ಕೈಯಲ್ಲಿ ಹಿಡಿದು ಎಲ್ಲೆಂದರಲ್ಲಿ ಕೊಂಡೊಯ್ಯುವಂತಿಲ್ಲ. ಕಾಯ್ದೆಯ ಉದ್ದೇಶ ಸರಿಯಾದದ್ದೇ. ಆದರೆ ಹಾಡಿಯಲ್ಲಿ ಕ್ಯಾಂಪ್ ಮಾಡಿ ಮಕ್ಕಳ ತಲೆಯ ನಾಳ ನೋಡಬೇಕೆಂದರೆ ಅದಕ್ಕೆ ಮೊದಲೇ ಅನುಮತಿಯ ದಾರಿ ಮಾಡಿಕೊಳ್ಳಬೇಕು.

ಹಾಗಾಗಿ ಸಾಲಿನಲ್ಲಿ ಮೊದಲು ನಿಲ್ಲಬೇಕಾದ್ದು ಹೈಡ್ರಾಕ್ಸಿಯೂರಿಯಾ. ಕಾಯಿಲೆ ಖಚಿತವಾದ ಪ್ರತಿ ಮಗುವಿಗೂ ಅದು ತಿಂಗಳು ತಪ್ಪದೆ ಊರಿನ ಹತ್ತಿರವೇ ಸಿಗಬೇಕು, ಆಗಾಗ ರಕ್ತಕಣಗಳ ಎಣಿಕೆಯೂ ಆಗಬೇಕು. ಜೊತೆಗೇ, ವರ್ಷಕ್ಕೊಂದು ತಲೆಯ ಡಾಪ್ಲರ್ ಜಿಲ್ಲಾ ಆಸ್ಪತ್ರೆಯಲ್ಲೇ ಆಗುವಂತೆ ಸಿಬ್ಬಂದಿಯನ್ನು ತಯಾರು ಮಾಡಬೇಕು. ಅವರಿಗೆ ತರಬೇತಿ ಕೊಡುವಾಗಲೇ ದವಡೆಯ ಕೆಳಗೆ ಪ್ರೋಬ್ ಇಡುವುದನ್ನೂ ಕಲಿಸಿದರೆ ಹೆಚ್ಚಿನ ಖರ್ಚಿಲ್ಲ. ಆದರೆ ತಲೆಯ ಡಾಪ್ಲರ್ ಒಮ್ಮೆಯೂ ಕಾಣದ ಮಕ್ಕಳಿರುವಾಗ, ಕುತ್ತಿಗೆಗೆಂದೇ ಬೇರೆ ಕಾರ್ಯಕ್ರಮ ಕಟ್ಟುವುದು ಸದ್ಯಕ್ಕೆ ಸರಿಯಾದ ಕ್ರಮ ಅಲ್ಲ.

ಈಗಾಗಲೇ ಸ್ಕ್ಯಾನಿಂಗ್‌ಗೆ ಬರೆಸಿಕೊಂಡಿರುವ ಮನೆಯವರು ಒಂದನ್ನು ಕೇಳಿ ಪಡೆಯಬೇಕು. ರಿಪೋರ್ಟ್‌ನಲ್ಲಿ ‘ಸಹಜ’ ಎಂಬ ಪದ ಸಾಲದು. ಎಡಕ್ಕೆಷ್ಟು, ಬಲಕ್ಕೆಷ್ಟು, ಯಾವ ಬಗೆಯ ಮೆಷಿನ್, ಆ ದಿನದ ಹಿಮೋಗ್ಲೋಬಿನ್ ಎಷ್ಟು, ಕುತ್ತಿಗೆ ನೋಡಿದ್ದಾರಾ ಇಲ್ಲವಾ ಎಂದು ಅಂಕಿ ಸಮೇತ ಬರೆಸಿಕೊಳ್ಳಿ. ಆ ಹಾಳೆಯನ್ನು ಸಿಕಲ್ ಸೆಲ್ ಕಾರ್ಡಿನ ಜೊತೆಗೇ ಇಟ್ಟಿರಿ. ಮುಂದಿನ ವರ್ಷ ನೋಡುವ ಡಾಕ್ಟರು ಬೇರೆಯವರಾದರೂ, ಹೋದ ವರ್ಷ 150 ಇದ್ದದ್ದು ಈಗ 180 ಆಗಿದೆಯಾ, ಅಥವಾ ಒಂದು ಬದಿಯಲ್ಲಿ ಮಾತ್ರ 90ಕ್ಕೆ ಇಳಿದಿದೆಯಾ ಎಂದು ಅದರಿಂದಲೇ ಗೊತ್ತಾಗುವುದು.